ಮೀನಿಗೆ ಮದ್ದು, ನೀರಿಗೆ ಮದ್ದು

ಕರಿಘಟ್ಟದ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಯುದ್ಧದ ಅಧ್ಯಾಯಗಳಲ್ಲಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದ ಹೊರಗೆ ಟಿಪ್ಪುವಿನ ದಂಡನ್ನು ಎದುರಿಸಿದಾಗಲೂ, 1792ರ ಫೆಬ್ರವರಿ 6ರ ರಾತ್ರಿ ಅದೇ ಸೇನೆ ಮತ್ತೆ ಏರಿಬಂದಾಗಲೂ ಈ ಕಪ್ಪು ಬೆಟ್ಟ ಒಂದು ಠಾಣ್ಯವಾಗಿ ಉಲ್ಲೇಖಗೊಳ್ಳುತ್ತದೆ. ಅದರ ಬುಡದಲ್ಲಿ ಹರಿಯುವ ಲೋಕಪಾವನಿ, ಫಿರಂಗಿಗಳನ್ನು ದಾಟಿಸಬೇಕಾದ ಒಂದು ಹಳ್ಳವಾಗಿ ಮಾತ್ರ ಆ ಬರಹಗಾರರಿಗೆ ಗೋಚರಿಸಿತು. ನಾಗಮಂಗಲದ ಸೀಮೆಯಲ್ಲಿ ಹುಟ್ಟಿ, ಪಾಂಡವಪುರದ ಬಯಲನ್ನು ಹಾದು, ಕರಿಘಟ್ಟದ ಬಳಿ ಕಾವೇರಿಗೆ ಸೇರುವ ಈ ಪುಟ್ಟ ನದಿಯಲ್ಲಿ ಮೀನುಗಳೂ ಇದ್ದವೆಂದು ಬರೆಯುವ ಅಗತ್ಯ ಅವರಿಗೆ ಬೀಳಲಿಲ್ಲ. ಅವರನ್ನು ದೂರಿ ಫಲವಿಲ್ಲ. ಮೀನಿನ ಸುಖದುಃಖ ಚರಿತ್ರೆಯ ವಿಷಯವಾದದ್ದೇ ಇತ್ತೀಚೆಗೆ. ಮೀನಿಗೆ ರೋಗ ಬಂದಾಗ ಮನುಷ್ಯ ಏನು ಮಾಡಿದ, ಏನು ಮಾಡಬಲ್ಲ ಎಂಬ ಆ ಚಿಕ್ಕ ಚರಿತ್ರೆಯನ್ನು ಈ ಬೆಟ್ಟದ ಕೆಳಗಿನ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಬಯಸುತ್ತೇನೆ.

ಪಶುವೈದ್ಯ ನಮಗೆ ಹೊಸದಲ್ಲ. ಚಾಲುಕ್ಯ ರಾಜವಂಶದ ಕೀರ್ತಿವರ್ಮ 12ನೆಯ ಶತಮಾನದ ಆದಿಯಲ್ಲಿಯೇ ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದ. ಮುಂದೆ ಅಭಿನವಚಂದ್ರ ಕುದುರೆಗಳ ವೈದ್ಯವನ್ನು ಬರೆದ. ಆನೆಗೆ ಪಾಲಕಾಪ್ಯನ ಹೆಸರಿನ ಶಾಸ್ತ್ರವೇ ಇದೆ. ಅದೇ ಚಾಲುಕ್ಯರ ಮೂರನೆಯ ಸೋಮೇಶ್ವರ, ಕಲ್ಯಾಣದಿಂದ ಆಳಿದವನು, ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಮೀನಿಗೂ ಒಂದು ಅಧ್ಯಾಯ ಕೊಟ್ಟ. ಅದರ ಹೆಸರು ಮತ್ಸ್ಯವಿನೋದ. ಸಿಹಿನೀರಿನ ಮೀನು, ಕಡಲಿನ ಮೀನು, ಯಾವುದಕ್ಕೆ ಯಾವ ಎರೆ, ಗಾಳ ಹೇಗಿರಬೇಕು ಎಂದು ಅರಸ ಬಲು ಅಕ್ಕರೆಯಿಂದ ವಿವರಿಸುತ್ತಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನವನ್ನು ಅತ್ತ ಸೆಳೆದರು. ಆದರೆ ಹೆಸರೇ ಹೇಳುವಂತೆ ಅದು ವಿನೋದ, ವೈದ್ಯವಲ್ಲ. ಕಾರಣ ಸರಳವೆಂದು ನನ್ನ ತಿಳಿವಳಿಕೆ. ಹಸುವಿಗೆ ಒಡೆಯನಿದ್ದಾನೆ, ಕುದುರೆಗೆ ರಾವುತನಿದ್ದಾನೆ. ಹೊಳೆಯ ಮೀನು ಹಿಡಿದವನದಾಗುವುದು ಸತ್ತ ಮೇಲೆ. ಸತ್ತ ಮೇಲೆ ವೈದ್ಯನೇಕೆ?

ಮೀನಿನ ವೈದ್ಯ ಬಾರದಿದ್ದರೂ ಮೀನಿನ ವಿಷ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಕಾರೆಕಾಯಿಯನ್ನು ಜಜ್ಜಿ ಬೇಸಗೆಯ ಮಡುವಿಗೆ ಕದಡಿದರೆ, ಕಳ್ಳಿಯ ಹಾಲನ್ನು ಬೆರೆಸಿದರೆ ಮೀನು ಅಮಲೇರಿ ಮೇಲೆ ತೇಲುತ್ತದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್, 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗಾಳದ ಪುಸ್ತಕದ ಕರ್ತೃ, ಹೊಳೆಗಳಿಗೆ ವಿಷ ಹಾಕುವ ಪದ್ಧತಿಯ ವಿರುದ್ಧ ಬಹಳ ದನಿಯೆತ್ತಿದವನು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ನೀರಿಗೆ ವಿಷ ಬೆರೆಸುವುದನ್ನೂ ಸಿಡಿಮದ್ದು ಹಾಕುವುದನ್ನೂ ಅಪರಾಧವೆಂದು ಸಾರಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಯ ಪ್ರಾಣಿಗಳ ಹಾಗೂ ಮೀನುಗಳ ರಕ್ಷಣೆಗೆ ತನ್ನದೇ ರೆಗ್ಯುಲೇಷನ್ ತಂದಿತು.

ವಿಷ ಒಳಹೋಗುವ ದಾರಿಯೇ ಮದ್ದಿನ ದಾರಿಯೂ ಹೌದು. ಮೀನಿನ ಕಿವಿರಿನಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ಕೂದಲಿಗಿಂತ ಎಷ್ಟೋ ತೆಳುವಾದ ಒಂದು ಪೊರೆ. ನೀರಿನಲ್ಲಿ ಏನಿದೆಯೋ ಅದರಲ್ಲಿ ಬಹುಪಾಲು ಮೀನಿನೊಳಗೂ ಉಂಟು. ನಮಗೆ ಗಾಳಿ, ಅನ್ನ, ಆಸ್ಪತ್ರೆ ಬೇರೆ ಬೇರೆ. ಮೀನಿಗೆ ಎಲ್ಲವೂ ಒಂದೇ ನೀರು.

ಈ ಮಾತು ಮನುಷ್ಯನ ಕಣ್ಣಿಗೆ ಸ್ಪಷ್ಟವಾದದ್ದು ಗಾಜಿನ ತೊಟ್ಟಿ ಬಂದ ಮೇಲೆ. 1850ರಲ್ಲಿ ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ ಮೀನು, ಜಲಸಸ್ಯ, ಬಸವನಹುಳು ಒಂದನ್ನೊಂದು ಆಧರಿಸಿ ತೊಟ್ಟಿಯಲ್ಲಿ ಬಾಳಬಲ್ಲವೆಂದು ತೋರಿಸಿದ. 1853ರಲ್ಲಿ ಅಲ್ಲಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮದರಾಸಿನ ಕಡಲ ದಂಡೆಗೆ ಅದು 1909ರಲ್ಲಿ ಬಂತು, ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿಗೆ 1983ರಲ್ಲಿ. ಈಗ ಮಧ್ಯಮ ವರ್ಗದ ಮನೆಗಳ ಹಜಾರಗಳಲ್ಲಿಯೂ ತೊಟ್ಟಿಗಳಿವೆ. ಮೀನಿಗೆ ಕೊನೆಗೂ ಒಬ್ಬ ಒಡೆಯ ಸಿಕ್ಕಿದ. ಒಡೆಯನ ಹಿಂದೆಯೇ ವೈದ್ಯವೂ ಬಂತು.

ಕೆಲವರು ಇನ್ನೂ ಮುಂದೆ ಹೋಗಿ ಹವಳದ ತೊಟ್ಟಿ ಕಟ್ಟುತ್ತಾರೆ. ಕಡಲು ಕಾಣದ ಊರಿನಲ್ಲಿ ಉಪ್ಪು ಬೆರೆಸಿ ಕಡಲನ್ನು ಮಾಡುವ ಸಾಹಸ ಅದು. ಕಲ್ಲುಹವಳಗಳು 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿವೆ, ಹುಲಿಗೆ ಸಮನಾಗಿ. ಅಂಗಡಿಯವರು ಇದನ್ನು ಗಿರಾಕಿಗೆ ಹೇಳುವುದು ಅಪರೂಪ. ನಾನು ಮೈಸೂರಿನ ಬಂಧುಗಳೊಬ್ಬರ ಮನೆಯಲ್ಲಿ ಕಂಡ ತೊಟ್ಟಿಯಲ್ಲಿ ಮೆದು ಹವಳಗಳೂ, ಸೀಗಡಿಗಳೂ, ನಾಲ್ಕಾರು ಬಣ್ಣದ ಮೀನುಗಳೂ ಇದ್ದವು. ಮೀನಿನ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿಚುಕ್ಕಿ ಬಂದಾಗ ಮನೆಯ ಹುಡುಗ ತಾಮ್ರದ ಮದ್ದನ್ನು ನೇರವಾಗಿ ತೊಟ್ಟಿಗೇ ಸುರಿದನಂತೆ. ಮೀನಿನ ಚುಕ್ಕಿ ಇಳಿಯುವ ಮೊದಲೇ ಸೀಗಡಿ, ಹವಳ ಎಲ್ಲ ಸತ್ತವು. ಸತ್ತದ್ದು ಕೊಳೆತು ಅಮೋನಿಯ ಏರಿತು. ಆಮೇಲೆ ಮೀನೂ ಉಳಿಯಲಿಲ್ಲ.

ಆ ಹುಡುಗನ ಮದ್ದು ತಪ್ಪಾಗಿರಲಿಲ್ಲ, ಹಾಕಿದ ಜಾಗ ತಪ್ಪಾಯಿತು. ಸಿಹಿನೀರಿನ ಬಿಳಿಚುಕ್ಕಿಯ ಜೀವಿಯನ್ನು ಫ್ರಾನ್ಸಿನ ಫೂಕೆ ಎಂಬಾತ 1876ರಲ್ಲಿ ವರ್ಣಿಸಿದ. ಕಡಲಿನ ಬಿಳಿಚುಕ್ಕಿಯ ಜೀವಿಯನ್ನು ಜಪಾನಿನ ಸಿಕಾಮಾ 1937ರಲ್ಲಿ ವಿವರಿಸಿದರು; ಕ್ರಿಪ್ಟೋಕಾರಿಯಾನ್ ಎಂಬ ಹೆಸರು ಅದಕ್ಕೆ 1951ರಲ್ಲಿ ಬಂತು. ಎರಡರ ಬಾಳೂ ಒಂದೇ ಬಗೆ. ಚರ್ಮದ ಅಡಿ ಹುದುಗಿ ಬೆಳೆಯುವಾಗ ಅದಕ್ಕೆ ಯಾವ ಮದ್ದೂ ತಾಗದು. ಬೆಳೆದ ಮೇಲೆ ಉದುರಿ, ತಳದಲ್ಲಿ ಕೋಶ ಕಟ್ಟಿ, ಒಂದು ನೂರಾರಾಗಿ ಒಡೆಯುತ್ತದೆ. ಆ ಮರಿಗಳು ಹೊಸ ಮೀನನ್ನು ಅರಸಿ ಈಜುವ ಒಂದೆರಡು ದಿನ ಮಾತ್ರ ಮದ್ದಿಗೆ ಸಿಕ್ಕುತ್ತವೆ. ಲೀಟರಿಗೆ 0.2 ಮಿಲಿಗ್ರಾಮಿನ ಆಸುಪಾಸಿನ ತಾಮ್ರ ಅವನ್ನು ಕೊಲ್ಲುತ್ತದೆ; ಅಷ್ಟೇ ತಾಮ್ರ ಹವಳವನ್ನೂ ಸೀಗಡಿಯನ್ನೂ ಕೊಲ್ಲುತ್ತದೆ. ಆದ್ದರಿಂದ ತಿಳಿದವರು ಮೀನುಗಳನ್ನೆಲ್ಲ ಹಿಡಿದು ಬೇರೆ ಬರಿಯ ತೊಟ್ಟಿಗೆ ಹಾಕಿ ಅಲ್ಲಿ ಮದ್ದು ಕೊಡುತ್ತಾರೆ. ಹವಳದ ತೊಟ್ಟಿಯನ್ನು ಎಂಟು ಹತ್ತು ವಾರ ಮೀನಿಲ್ಲದೆ ಬಿಡುತ್ತಾರೆ. ಆಶ್ರಯ ಸಿಕ್ಕದೆ ರೋಗ ತಾನೇ ಸಾಯುತ್ತದೆ. ಹೊಸ ಮೀನನ್ನು ತಂದರೆ ಮೊದಲು ಕೆಲವು ವಾರ ಬೇರೆ ಇಡುತ್ತಾರೆ. ನೀರಿನ ಅಮೋನಿಯವನ್ನು ನೈಟ್ರೇಟಾಗಿ ಮಾಡುವ ಸೂಕ್ಷ್ಮಾಣುಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವನು ರಷ್ಯದ ವಿನೋಗ್ರಾಡ್‌ಸ್ಕಿ. ಅವು ನೆಲೆಯೂರದ ಹೊಸ ತೊಟ್ಟಿಯಲ್ಲಿ ಮೀನು ಸಾಯುವುದು ರೋಗದಿಂದಲ್ಲ, ತನ್ನ ಉಚ್ಛಿಷ್ಟದಿಂದ.

ತಾಮ್ರ, ಸುಣ್ಣ ಎಂದೊಡನೆ ಮಲೆನಾಡಿನವರಿಗೆ ಅಡಿಕೆಯ ನೆನಪಾಗಬೇಕು. ಮೈಸೂರಿಗೆ 1908ರಲ್ಲಿ ಬಂದ ಕೆನಡದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಯ ಗೊನೆಗೆ ಹೊಡೆಯುವುದನ್ನು ರೂಢಿಗೆ ತಂದರು. ಅಡಿಕೆಯ ಕೊಳೆರೋಗದ ಜೀವಿಗೂ, ಮುಂದೆ ಮೀನಿಗೆ ಬಂದ ಮಾರಿಗೂ ದಾಯಾದಿ ಸಂಬಂಧವಿದೆ. ಎರಡೂ ನೀರಿನಲ್ಲಿ ಈಜುವ ಬೀಜಕಣಗಳನ್ನು ಬಿಡುವ ಒಂದೇ ಗುಂಪಿನವು.

ಆ ಮಾರಿಯ ಹೆಸರು ಹುಣ್ಣುರೋಗ. 1971ರಲ್ಲಿ ಜಪಾನಿನಲ್ಲಿ, ಮರುವರ್ಷ ಆಸ್ಟ್ರೇಲಿಯದಲ್ಲಿ ಕಂಡು, ಆಗ್ನೇಯ ಏಷ್ಯವನ್ನು ಹಾದು, 1988ರಲ್ಲಿ ಬಾಂಗ್ಲಾದೇಶವನ್ನೂ ನಮ್ಮ ಈಶಾನ್ಯ ರಾಜ್ಯಗಳನ್ನೂ ಹೊಕ್ಕಿತು. 1991ರಲ್ಲಿ ಕೇರಳದಲ್ಲಿತ್ತು. ಕರ್ನಾಟಕದ ಸಿಹಿನೀರಿನಲ್ಲಿಯೂ ಹಿನ್ನೀರಿನಲ್ಲಿಯೂ ಅದು ಹಬ್ಬಿದ ಬಗೆಯನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಿ. ವಿ. ಮೋಹನ್ ಮತ್ತು ಕೆ. ಎಂ. ಶಂಕರ್ 1994ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವಿಶ್ಲೇಷಿಸಿದರು. ಕೊರವ, ಕುಚ್ಚು ಮೊದಲಾದ ಹಾವುತಲೆಯ ಮೀನುಗಳ ಮೈಮೇಲೆ ಕೆಂಪು ಕಲೆ ಎದ್ದು, ಅದು ಆಳವಾದ ಹುಣ್ಣಾಗಿ, ಮೂಳೆ ಕಾಣುವವರೆಗೂ ತಿನ್ನುತ್ತದೆ. ಅಂಥ ಮೀನನ್ನು ಕಂಡ ಜನ ಹೆದರಿ ಒಳ್ಳೆಯ ಮೀನನ್ನೂ ಕೊಳ್ಳದಾದರು. ಈ ಜೀವಿ ಮನುಷ್ಯನಿಗೆ ತಾಗುವುದಿಲ್ಲ. ಆದರೆ ಸಂತೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕುಳಿತ ಬೆಸ್ತರ ಹೆಂಗಸಿನ ಮಾತನ್ನು ನಂಬುವವರು ಯಾರು?

ಈ ರೋಗದ ಕಾಲ ಗಮನಿಸತಕ್ಕದ್ದು. ಮಳೆ ಮುಗಿದು, ಚಳಿ ಇಳಿದು, ನೀರು ತಣ್ಣಗಾಗಿ, ಅದರ ಕ್ಷಾರಗುಣ ಕಡಮೆಯಾದಾಗ ಅದು ತಲೆಯೆತ್ತುತ್ತದೆ. ನೆಲದಿಂದ ಹರಿದುಬಂದ ಹುಳಿನೀರು ಮೊದಲು ಮೀನಿನ ಚರ್ಮವನ್ನು ಕೆರೆಯುತ್ತದೆ, ಬೀಜಕಣ ಆ ಗಾಯದಲ್ಲಿ ಕೂರುತ್ತದೆ. ಆದ್ದರಿಂದಲೇ ಕೆರೆ ಕೊಳಗಳಿಗೆ ಸುಣ್ಣ ಹಾಕುವುದು ಮೊದಲ ಉಪಚಾರವಾಯಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ‘ಸಿಫಾಕ್ಸ್’ ಎಂಬ ಮದ್ದನ್ನೂ ರೂಪಿಸಿತು. ಅದರ ಪ್ರಮಾಣ ಹೆಕ್ಟೇರು-ಮೀಟರ್ ನೀರಿಗೆ ಒಂದು ಲೀಟರ್, ಅಂದರೆ ಒಂದು ಹೆಕ್ಟೇರು ಅಗಲ, ಒಂದು ಮೀಟರು ಆಳದ ನೀರಿಗೆ. ಕಟ್ಟೆಯೊಳಗಿನ ನೀರಿಗೆ ಈ ಲೆಕ್ಕ ಸರಿ. ಕನ್ನಂಬಾಡಿಯಿಂದ 10,000 ಕ್ಯುಸೆಕ್ ಬಿಟ್ಟ ದಿನ ಅಷ್ಟು ನೀರು ಕಾವೇರಿಯಲ್ಲಿ ಸುಮಾರು 35 ಸೆಕೆಂಡಿನಲ್ಲಿ ಹಾದುಹೋಗುತ್ತದೆ. ಹೊಳೆಗೆ ಯಾರು ಮದ್ದು ಹಾಕಿಯಾರು? ಹೊಳೆಯ ಮೀನನ್ನು ಹಿಡಿದಿಡಲು ಇನ್ನೊಂದು ತೊಟ್ಟಿಯೂ ಇಲ್ಲ.

ಹೊಸ ಮೀನನ್ನು ಬೇರೆ ಇಟ್ಟು ನೋಡುವ ನಿಯಮವನ್ನು ಹೊಳೆಯ ವಿಷಯದಲ್ಲಿ ನಾವು ಪಾಲಿಸಿದ್ದೂ ಇಲ್ಲ. ಕಾವೇರಿಯ ಬಿಳಿಮೀನು, ಇಂಗ್ಲಿಷರು ಮಹಶೀರ್ ಎನ್ನುವ ಗೂನುಬೆನ್ನಿನ ಮೀನು, ಲೋಕದ ಬೇಟೆಗಾರರ ಕನಸಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ 120 ಪೌಂಡು ತೂಗುವ ಒಂದನ್ನು ಹಿಡಿದರು. ಮೀನು ಕಡಮೆಯಾಯಿತೆಂಬ ಸದುದ್ದೇಶದಿಂದ 1970ರ ದಶಕದಿಂದ ಲೋನಾವಳದ ಮರಿಕೇಂದ್ರದ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅವು ಬೇರೆ ಜಾತಿಯವು. ಹೊಸ ಜಾತಿ ಹೆಚ್ಚಿತು, ಹಳೆಯದು ಕರಗಿತು. 2018ರಲ್ಲಿ ವಿಜ್ಞಾನಿಗಳು ಆ ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ಹೆಸರು ಸಲ್ಲುತ್ತದೆಂದು ತೋರಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರು ಸಿಕ್ಕುವ ಹೊತ್ತಿಗೆ ಮೀನು ಸಿಕ್ಕದಂತಾಗಿತ್ತು.

ಹೊಳೆಯ ಮೀನಿಗೆ ಒಡೆಯನೇ ಇರಲಿಲ್ಲವೆಂದರೆ ಪೂರ್ತಿ ನಿಜವಾಗದು. ದೇವರಿದ್ದ. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಇದೇ ಕಾವೇರಿಯ ವಹ್ನಿಪುಷ್ಕರಿಣಿಯ ಮೀನನ್ನು ಯಾರೂ ಹಿಡಿಯುವುದಿಲ್ಲ, ಶೃಂಗೇರಿಯ ತುಂಗೆಯಲ್ಲಿಯೂ ಅಷ್ಟೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ದೇವರ ಮೀನುಗಳಿಗೆ 1996ರಲ್ಲಿ ಯಾರೋ ದುರುಳರು ವಿಷವಿಕ್ಕಿದರು. ಊರವರು ಆ ಮೀನುಗಳಿಗೊಂದು ಸ್ಮಾರಕವನ್ನೇ ಕಟ್ಟಿದರು. ದೇವರು ಬಲೆಯನ್ನು ತಡೆದ. ಮೇಲಿನಿಂದ ಹರಿದುಬರುವ ನೀರನ್ನು ತಡೆಯುವುದು ಅವನ ಪಾಲಿಗೆ ಬಂದಿಲ್ಲ.

ಈಗ ಆ ನೀರನ್ನು ಅಳೆಯುವ ಇಲಾಖೆಗಳಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿಯ ನೀರನ್ನು ಅದರ ಬಳಕೆಗೆ ತಕ್ಕಂತೆ ಐದು ದರ್ಜೆಗಳಾಗಿ ವಿಂಗಡಿಸಿದೆ. ನೇರವಾಗಿ ಸೋಂಕು ನಿವಾರಿಸಿ ಕುಡಿಯುವ ನೀರು ಮೊದಲನೆಯದು, ಸ್ನಾನದ್ದು ಎರಡನೆಯದು, ಶುದ್ಧೀಕರಿಸಿ ಕುಡಿಯುವಂಥದು ಮೂರನೆಯದು, ಮೀನು ಮತ್ತು ವನ್ಯಜೀವಿಗಳದು ನಾಲ್ಕನೆಯದು, ನೀರಾವರಿಯದು ಕೊನೆಯದು. ಸ್ನಾನದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು; ಮೀನಿಗೆ 4 ಸಾಕು. ಮಾಘ ಫಾಲ್ಗುಣಗಳಲ್ಲಿ ಕರಿಘಟ್ಟದ ಜಾತ್ರೆಗೆ ಬಂದವರು ಲೋಕಪಾವನಿಯಲ್ಲಿ ಮೂರು ಮುಳುಗು ಹಾಕಿ ಮೆಟ್ಟಿಲು ಹತ್ತುತ್ತಾರೆ. ಆ ಮೂರು ಮುಳುಗಿಗೆ ಐದು. ಅದರಲ್ಲಿಯೇ ಹುಟ್ಟಿ, ಅದನ್ನೇ ಉಸಿರಾಡಿ, ಅದರಲ್ಲಿಯೇ ಮೊಟ್ಟೆಯಿಡುವ ಜೀವಕ್ಕೆ ನಾಲ್ಕು.