ಓಲೆಗರಿಯ ಋಣ ತೀರಿಸಿದ ವಿದ್ವಾಂಸ: ಡಾ. ಆ. ನೇ. ಉಪಾಧ್ಯೆ



ಪ್ರೌಢಶಾಲೆಯಲ್ಲಿ ಹಳಗನ್ನಡ ಪಾಠ ಮಾಡುವಾಗ ಕವಿಯ ಕಾಲ, ಸ್ಥಳ, ಕೃತಿಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸುತ್ತಿದ್ದುದು ನಿಮಗೆ ನೆನಪಿರಬಹುದು. ಆದರೆ ಹುಳು ತಿಂದ ಓಲೆಗರಿಯಲ್ಲಿದ್ದ ಕಾವ್ಯವನ್ನು ಅಚ್ಚಿನ ಪುಟಕ್ಕೆ ತಂದವರು ಯಾರೆಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ. ಅಂತಹ ಕಾಯಕದಲ್ಲಿ ಜೀವಮಾನವನ್ನೇ ಸವೆಸಿದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರನ್ನು ಕುರಿತು ಇಂದು ಬರೆಯುತ್ತಿದ್ದೇನೆ.

ಉಪಾಧ್ಯೆಯವರು ಹುಟ್ಟಿದ್ದು 1906ರ ಫೆಬ್ರವರಿ 6ರಂದು, ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ. ಬೆಳಗಾವಿಯಲ್ಲಿ ಪ್ರೌಢಶಿಕ್ಷಣ ಮುಗಿಸಿ, ಸಾಂಗಲಿ, ಪುಣೆಗಳಲ್ಲಿ ಸಂಸ್ಕೃತ, ಪ್ರಾಕೃತಗಳನ್ನು ವ್ಯಾಸಂಗ ಮಾಡಿದರು. ಪ್ರಾಕೃತದಲ್ಲಿ ಅವರಿಗೆ ದಾರಿ ತೋರಿದ ಗುರುಗಳು ಪ್ರಸಿದ್ಧ ವಿದ್ವಾಂಸರಾದ ಪ. ಲ. ವೈದ್ಯರು. 1930ರಲ್ಲಿ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ಸೇರಿ, 1962ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ನೆಲೆನಿಂತರು. ಕನ್ನಡ ನಾಡಿನಲ್ಲಿ ಹುಟ್ಟಿ, ಮರಾಠಿ ನೆಲದಲ್ಲಿ ಬಾಳಿ, ಸಂಸ್ಕೃತ ಪ್ರಾಕೃತ ಗ್ರಂಥಗಳನ್ನು ಶೋಧಿಸಿ, ಬಹುಪಾಲು ಇಂಗ್ಲಿಷಿನಲ್ಲಿ ಬರೆದವರು ಅವರು. ಆದ್ದರಿಂದಲೇ ಏನೋ, ನಮ್ಮವರೇ ಆದರೂ ನಮ್ಮ ಸಾಮಾನ್ಯ ಓದುಗರಿಗೆ ಅವರು ಅಷ್ಟಾಗಿ ಪರಿಚಿತರಲ್ಲ.

ಗ್ರಂಥಸಂಪಾದನೆ ಎಂದರೆ ಹಳೆಯ ಪುಸ್ತಕವನ್ನು ನೋಡಿ ನಕಲು ಮಾಡುವುದೆಂದು ಕೆಲವರು ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ. ಒಂದೇ ಗ್ರಂಥದ ನಾಲ್ಕಾರು ಹಸ್ತಪ್ರತಿಗಳು ನಾಲ್ಕಾರು ಊರುಗಳ ಬಸದಿ, ಮಠ, ಭಂಡಾರಗಳಲ್ಲಿ ಇರುತ್ತವೆ. ಒಂದರಲ್ಲಿರುವ ಪದ ಮತ್ತೊಂದರಲ್ಲಿ ಇರುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗಿರುತ್ತವೆ. ಹಳಗನ್ನಡ ಲಿಪಿಯ ಪ್ರಾಕೃತ ಪ್ರತಿಗಳಲ್ಲಿ ಅಕ್ಷರದ ಹಿಂದಿನ ಸೊನ್ನೆಯು ಅನುಸ್ವಾರವೂ ಆಗಿರಬಹುದು, ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸುವ ಗುರುತೂ ಆಗಿರಬಹುದು. ಇವೆಲ್ಲವನ್ನೂ ತೂಗಿ ನೋಡಿ, ಕವಿ ಬರೆದಿರಬಹುದಾದ ಪಾಠವನ್ನು ನಿರ್ಣಯಿಸಿ, ಉಳಿದ ಪಾಠಾಂತರಗಳನ್ನು ಅಡಿಯಲ್ಲಿ ಪ್ರಾಮಾಣಿಕವಾಗಿ ಕೊಡಬೇಕು. ಇದಕ್ಕೆ ಪಾಂಡಿತ್ಯದಷ್ಟೇ ತಾಳ್ಮೆಯೂ ಬೇಕು.

1935ರಲ್ಲಿ ಅವರು ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ಸಂಪಾದಿಸಿ ಪ್ರಕಟಿಸಿದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ನೂರಕ್ಕೂ ಹೆಚ್ಚು ಪುಟಗಳ ಅದರ ಪ್ರಸ್ತಾವನೆಯು ಕುಂದಕುಂದರ ಕಾಲ, ಕೃತಿ, ತತ್ತ್ವ, ಭಾಷೆಗಳನ್ನು ಕುರಿತ ಸ್ವತಂತ್ರ ಗ್ರಂಥದಂತಿದೆ. ಅನಂತರ ಯೋಗೀಂದುವಿನ ‘ಪರಮಾತ್ಮಪ್ರಕಾಶ’ (1937) ಬಂದಿತು. 1939ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಅವರಿಗೆ ಡಿ.ಲಿಟ್. ಪದವಿಯನ್ನಿತ್ತಿತು.

1938ರಲ್ಲಿ ಪ್ರಕಟವಾದ ‘ವರಾಂಗಚರಿತ’ದ ಕಥೆ ಕನ್ನಡಿಗರಿಗೆ ವಿಶೇಷವಾಗಿ ಪ್ರಿಯವಾಗಬೇಕಾದುದು. 31 ಸರ್ಗಗಳ ಈ ಸಂಸ್ಕೃತ ಕಾವ್ಯವನ್ನು 8ನೆಯ ಶತಮಾನದ ಕವಿಗಳೇ ಹೊಗಳಿದ್ದಾರೆ. ಆದರೂ ಅದರ ಕರ್ತೃ ಯಾರೆಂಬುದರಲ್ಲಿ ವಿದ್ವಾಂಸರಲ್ಲಿ ಗೊಂದಲವಿತ್ತು. ಉಪಾಧ್ಯೆಯವರು ಓಲೆಗರಿಯ ಪ್ರತಿಗಳನ್ನು ಪರಿಶೀಲಿಸಿ, ಪ್ರಾಚೀನ ಉಲ್ಲೇಖಗಳನ್ನು ಒಂದೊಂದಾಗಿ ಜೋಡಿಸಿ, ಅದು ಜಟಾಸಿಂಹನಂದಿಯ ಕೃತಿಯೆಂದು ಸ್ಥಾಪಿಸಿದರು. ಕೊಪ್ಪಳದ ಬೆಟ್ಟದ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೆತ್ತಿಸಿದ ಸಂಗತಿಯನ್ನು ತಿಳಿಸುವ ಪುಟ್ಟ ಕನ್ನಡ ಶಾಸನವಿದೆ. ಆ ಕಡೆ ಹೋದಾಗ ತಪ್ಪದೆ ನೋಡಿ ಬನ್ನಿ.

1943ರಲ್ಲಿ ಹೊರಬಂದ ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿ 157 ಕಥೆಗಳಿವೆ. ಸಂಸ್ಕೃತದ ಈ ಕೃತಿ ಕ್ರಿ.ಶ. 931-32ರದು. ಇದರ ಪ್ರಸ್ತಾವನೆಯಲ್ಲಿ ಉಪಾಧ್ಯೆಯವರು ಶಿವಾರ್ಯನ ‘ಆರಾಧನೆ’ ಎಂಬ ಪ್ರಾಕೃತ ಗ್ರಂಥದ ಸುತ್ತ ಬೆಳೆದ ಕಥಾಪರಂಪರೆಯನ್ನೆಲ್ಲ ವಿವೇಚಿಸಿದ್ದಾರೆ. ನಮ್ಮ ‘ವಡ್ಡಾರಾಧನೆ’ಯೂ ಆ ಪರಂಪರೆಯದೇ. ಅದರಲ್ಲಿರುವ ಭದ್ರಬಾಹುವಿನ ಕಥೆಯನ್ನೇ ನೋಡಿ. ವಡ್ಡಾರಾಧನೆಯ ಭದ್ರಬಾಹು ದಕ್ಷಿಣಕ್ಕೆ ಬಂದು ಕಳ್ಬಪ್ಪಿನಲ್ಲಿ, ಅಂದರೆ ಶ್ರವಣಬೆಳಗೊಳದಲ್ಲಿ, ಸಮಾಧಿಮರಣವನ್ನು ಪಡೆಯುತ್ತಾನೆ. ಹರಿಷೇಣನ ಭದ್ರಬಾಹುವಾದರೋ ಉತ್ತರದಲ್ಲಿಯೇ ಉಳಿದು ದೇಹ ಬಿಡುತ್ತಾನೆ. ಸಂಘವನ್ನು ಪುನ್ನಾಟ ನಾಡಿಗೆ ಕರೆತರುವವನು ಅವನ ಶಿಷ್ಯ. ಎರಡೂ ದಿಗಂಬರ ಪರಂಪರೆಯ ಕಥೆಗಳೇ! ಇಂತಹ ಭಿನ್ನತೆಯನ್ನು ಮುಚ್ಚಿಟ್ಟರೆ ನಂಬಿಕೆ ಉಳಿಯುತ್ತದೆಂದು ಭಾವಿಸುವವರುಂಟು. ಎರಡನ್ನೂ ಓದುಗರ ಮುಂದಿಡುವುದೇ ವಿದ್ವಾಂಸನ ಧರ್ಮ.

ಅವರ ಬದುಕಿನಲ್ಲಿ ನನಗೆ ಅತ್ಯಂತ ಗೌರವ ತರುವ ಗುಣ ಇದೇ. ಸ್ವತಃ ದಿಗಂಬರರಾದ ಅವರು ಶ್ವೇತಾಂಬರ ಆಚಾರ್ಯ ಹರಿಭದ್ರನ ‘ಧೂರ್ತಾಖ್ಯಾನ’ವನ್ನು ಕುರಿತು ವಿಮರ್ಶಾತ್ಮಕವಾಗಿ ಬರೆದರು. ಕ್ರಿ.ಶ. 779ರಲ್ಲಿ ಜಾಲೋರಿನಲ್ಲಿ ಮುಗಿದ ಉದ್ಯೋತನಸೂರಿಯ ‘ಕುವಲಯಮಾಲಾ’ ಪ್ರಾಕೃತ ಕಾವ್ಯಕ್ಕೆ ವರ್ಷಗಟ್ಟಲೆ ದುಡಿದು, ಮೊದಲ ಭಾಗವನ್ನು 1959ರಲ್ಲೂ ಎರಡನೆಯದನ್ನು 1970ರಲ್ಲೂ ಹೊರತಂದರು. ಕೇರಳದ ರಾಮಪಾಣಿವಾದನೆಂಬ ಕವಿ ಕೃಷ್ಣಕಥೆಯನ್ನು ಹೇಳುವ ‘ಕಂಸವಹೋ’ ಕಾವ್ಯವನ್ನೂ ಅಷ್ಟೇ ಶ್ರದ್ಧೆಯಿಂದ ಸಂಪಾದಿಸಿದರು. ಕದಂಬರ ಕಾಲದಿಂದ ಕರ್ನಾಟಕದಲ್ಲಿ ಬಾಳಿ, ದಿಗಂಬರ ಶ್ವೇತಾಂಬರಗಳ ನಡುವೆ ಸೇತುವೆಯಂತಿದ್ದು, ಕೊನೆಗೆ ಅಳಿದುಹೋದ ಯಾಪನೀಯ ಸಂಘದ ಬಗ್ಗೆ ಅವರು ಬರೆದ ಲೇಖನಗಳು ಇಂದಿಗೂ ಆಧಾರಗಳಾಗಿವೆ. ಅನೇಕಾಂತವಾದವನ್ನು ಬಾಯಲ್ಲಿ ಹೇಳುವುದು ಸುಲಭ. ಅವರು ಅದನ್ನು ಮೇಜಿನ ಮುಂದೆ ಕುಳಿತು ಆಚರಿಸಿದರು.

ಅವರು ಒಂಟಿಯಾಗಿ ದುಡಿದವರೂ ಅಲ್ಲ. ಡಾ. ಹೀರಾಲಾಲ್ ಜೈನರೊಂದಿಗೆ ‘ತಿಲೋಯಪಣ್ಣತ್ತಿ’ಯನ್ನು ಸಂಪಾದಿಸಿದರು. ಮೂಡುಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಉಳಿದುಬಂದಿದ್ದ ‘ಷಟ್ಖಂಡಾಗಮ’ ಮತ್ತು ಅದರ ‘ಧವಲಾ’ ವ್ಯಾಖ್ಯಾನವನ್ನು ಹೀರಾಲಾಲರು 1939ರಿಂದ 16 ಸಂಪುಟಗಳಲ್ಲಿ ಹೊರತರುವಾಗಲೂ ಉಪಾಧ್ಯೆಯವರ ನೆರವಿತ್ತು. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಗೆ ಇಬ್ಬರೂ ಪ್ರಧಾನ ಸಂಪಾದಕರಾಗಿದ್ದರು.

ನಾಡು ಅವರನ್ನು ಪೂರ್ತಿ ಮರೆಯಲಿಲ್ಲ ಎಂಬುದು ಸಮಾಧಾನದ ಸಂಗತಿ. 1966ರಲ್ಲಿ ಅಲೀಗಢದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನಕ್ಕೂ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಅವರು ಅಧ್ಯಕ್ಷರಾದರು. ಬಹುಪಾಲು ಇಂಗ್ಲಿಷಿನಲ್ಲಿ ಬರೆದ ವಿದ್ವಾಂಸರೊಬ್ಬರನ್ನು ಕನ್ನಡಿಗರು ಆ ಪೀಠದಲ್ಲಿ ಕುಳ್ಳಿರಿಸಿದ್ದು ನಮ್ಮ ಔದಾರ್ಯಕ್ಕಿಂತ ಹೆಚ್ಚಾಗಿ ನಮ್ಮ ಋಣಸ್ಮರಣೆ. ಮುಂದೆ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದ ಮೊದಲ ಪ್ರಾಧ್ಯಾಪಕರಾಗಿ ಬಂದರು. 1975ರ ಅಕ್ಟೋಬರ್ 8ರಂದು ನಿಧನರಾದರು.

ಓಲೆಗರಿಗೆ ಆಯುಸ್ಸು ಉಂಟು. ಗೆದ್ದಲು, ತೇವ, ಬೆಂಕಿ ಯಾವುದೂ ವಿದ್ವಾಂಸನಿಗಾಗಿ ಕಾಯುವುದಿಲ್ಲ. ಓದಬಲ್ಲವರು ಇಲ್ಲದಿದ್ದರೆ ಉಳಿದ ಗರಿಯೂ ಅಳಿದಂತೆಯೇ. ನಿಮ್ಮ ಮಕ್ಕಳಲ್ಲಿ ಯಾರಾದರೂ ಹಳೆಯ ಲಿಪಿಯನ್ನೋ ಪ್ರಾಕೃತವನ್ನೋ ಕಲಿಯುತ್ತೇನೆಂದರೆ ‘ಅದರಿಂದ ಏನು ಸಿಗುತ್ತದೆ’ ಎಂದು ಕೇಳಿ ಅವರ ಉತ್ಸಾಹವನ್ನು ಕುಂದಿಸಬೇಡಿ. ಪ್ರಾಚೀನ ಕಾವ್ಯವೊಂದನ್ನು ಕೈಗೆತ್ತಿಕೊಂಡಾಗ ಕವಿಯ ಹೆಸರಿನ ಕೆಳಗಿರುವ ಸಂಪಾದಕರ ಹೆಸರನ್ನೂ ಒಮ್ಮೆ ಓದಿ. ಹಳೆಯ ಮೇಷ್ಟ್ರು ನಿಮಗೆ ಕೊಡುವ ಮನೆಗೆಲಸ ಇಷ್ಟೇ.