ಬೆಲ್ಲ ಮತ್ತು ಅಂಕುಶ: ಹೊನ್ನುಹೊಳೆಯ ಖೆಡ್ಡಾದಿಂದ ಇಂದಿನ ಆನೆ ಶಿಬಿರದವರೆಗೆ

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ಹೆಸರು ಹೇಳಿದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ರೇಷ್ಮೆ. ಕೊಳ್ಳೇಗಾಲದ ಸೀಮೆಯ ಇತರ ಊರುಗಳಂತೆ ಇದೂ ಗೂಡು ಬಿಚ್ಚಿ ನೂಲು ತೆಗೆದ ಊರು. ಆದರೆ ಇಲ್ಲಿಂದ ಕಣ್ಣೆತ್ತಿ ನೋಡಿದರೆ ಕಾಣುವ ಬಿಳಿಗಿರಿರಂಗನ ಬೆಟ್ಟದ ಸಾಲಿಗೂ ಆ ಕಾಡಿನಿಂದ ಇಳಿದು ಬರುವ ಸುವರ್ಣಾವತಿ ಹೊಳೆಗೂ ಬೇರೊಂದು ಚರಿತ್ರೆ ಇದೆ. ಸುವರ್ಣಾವತಿಯನ್ನು ಜನ ಹೊನ್ನುಹೊಳೆ ಎಂದು ಕರೆಯುತ್ತಾರೆ. ಮೈಸೂರು ಸೀಮೆಯ ಮೊದಲ ಯಶಸ್ವಿ ಖೆಡ್ಡಾ ನಡೆದದ್ದು ಇದೇ ಹೊಳೆಯ ಬಯಲಿನಲ್ಲಿ, 1874ರಲ್ಲಿ.

ಖೆಡ್ಡಾ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ತಮಟೆ, ಪಂಜು, ಕಂದಕ, ಹಗ್ಗ. ಆನೆಯನ್ನು ಹಿಡಿದ ಸಾಹಸವನ್ನು ಬರೆದವರು ಬಹಳ ಮಂದಿ. ಹಿಡಿದ ಮೇಲೆ ಏನಾಯಿತು ಎಂಬುದನ್ನು ಬರೆದವರು ಕಡಿಮೆ. ಕಾಡಿನಲ್ಲಿ ಮನುಷ್ಯನ ವಾಸನೆ ಬಂದರೆ ದೂರ ಸರಿಯುವ, ಇಲ್ಲವೇ ಮೇಲೇರಿ ಬರುವ ಜೀವ, ಕೆಲವೇ ತಿಂಗಳಲ್ಲಿ ಒಬ್ಬ ಬಡಕಲು ಮನುಷ್ಯನನ್ನು ಕತ್ತಿನ ಮೇಲೆ ಕೂರಿಸಿಕೊಂಡು ನಡೆಯಿತು. ಇದು ಹೇಗಾಯಿತು? ಪೆಟ್ಟಿನಿಂದ ಎಂಬುದು ಸಾಮಾನ್ಯ ಉತ್ತರ. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ನಮ್ಮ ಅಭಿಪ್ರಾಯ. ಉಳಿದರ್ಧವನ್ನು ಅರಿಯದ ಕಾರಣಕ್ಕೆ ಇಂದಿಗೂ ಆನೆಗಳೂ ಮಾವುತರೂ ನೋಯುತ್ತಿದ್ದಾರೆ.

ಹಳೆಯ ವಿದ್ಯೆ

ಈ ಸೀಮೆಗೆ ಆನೆಯ ವಿದ್ಯೆ ಹೊಸದಲ್ಲ. ಕೊಳ್ಳೇಗಾಲಕ್ಕೆ ಹತ್ತಿರವಿರುವ ತಲಕಾಡು ಗಂಗರ ರಾಜಧಾನಿ. ಗಂಗರ ಲಾಂಛನವೇ ಆನೆ. ಶ್ರೀಪುರುಷನು ಸಂಸ್ಕೃತದಲ್ಲಿ ಗಜಶಾಸ್ತ್ರ ಬರೆದನೆಂದೂ ಅವನ ಮಗ ಇಮ್ಮಡಿ ಶಿವಮಾರನು ಕನ್ನಡದಲ್ಲಿ 'ಗಜಾಷ್ಟಕ' ರಚಿಸಿದನೆಂದೂ ಹೇಳುತ್ತಾರೆ. ಗಜಾಷ್ಟಕವನ್ನು ಹೆಂಗಸರು ಒನಕೆಯ ಹಾಡಾಗಿ ಹಾಡುತ್ತಿದ್ದರೆಂಬ ಮಾತಿದೆ. ಕೃತಿ ನಮಗೆ ಉಳಿದುಬಂದಿಲ್ಲ. ಆದರೆ ಆನೆಯ ತಿಳಿವಳಿಕೆ ಅರಮನೆಯಿಂದ ಒರಳಿನವರೆಗೆ ಹರಡಿತ್ತು ಎಂಬುದಕ್ಕೆ ಆ ಮಾತೇ ಸಾಕ್ಷಿ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಬರೆಸಿದ 'ಮಾನಸೋಲ್ಲಾಸ'ದಲ್ಲಿ ಆನೆ ಹಿಡಿಯುವ ಹಲವು ವಿಧಾನಗಳಿವೆ. ಅದರಲ್ಲಿನ 'ವಾರಿಬಂಧ' ಎಂದರೆ ಹಿಂಡನ್ನು ಆವರಣದೊಳಕ್ಕೆ ಅಟ್ಟಿ ಹಿಡಿಯುವುದು. ನಂತರದವರ ಖೆಡ್ಡಾ ಅದೇ. ಸಾಕಿದ ಹೆಣ್ಣಾನೆಗಳನ್ನು ಬಿಟ್ಟು ವಶ ಮಾಡಿಕೊಳ್ಳುವುದು 'ವಶಬಂಧ'. ಒಂದು ಆನೆಯನ್ನು ಪಳಗಿಸಲು ಇನ್ನೊಂದು ಆನೆ ಬೇಕೆಂಬ ಅರಿವು ಅಷ್ಟು ಹಳೆಯದು. ಪಾಲಕಾಪ್ಯನ ಹೆಸರಿನಲ್ಲಿ ಬಂದಿರುವ ಗಜಶಾಸ್ತ್ರ ಪರಂಪರೆಯು, ಹೊಸದಾಗಿ ಸೆರೆಸಿಕ್ಕ ಆನೆ ಕಾಡನ್ನೂ ಬಳಗವನ್ನೂ ನೆನೆದು ಕೊರಗುತ್ತದೆ ಎಂದು ಹೇಳಲು ಮರೆಯಲಿಲ್ಲ.

ಚೀತಾದ ಪಾಠ

ಮೊಗಲರ ಕಾಲದಲ್ಲಿ ಬೇಟೆಗೆ ಚೀತಾಗಳನ್ನು ಪಳಗಿಸುತ್ತಿದ್ದರು. ದಖ್ಖನಿನ ಸುಲ್ತಾನರಿಗೂ ಮುಂದೆ ಟಿಪ್ಪುವಿಗೂ ಈ ಹವ್ಯಾಸವಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಚೀತಾಗಳು ಇಂಗ್ಲಿಷರ ಕೈಸೇರಿದವು.

ಚೀತಾಕ್ಕೆ ಹೊಡೆದು ಕಲಿಸುವುದು ಸಾಧ್ಯವಿಲ್ಲ. ಹೆದರಿದರೆ ಅದು ಓಡುವುದಿಲ್ಲ, ಓಡಿದರೆ ಮರಳುವುದಿಲ್ಲ. ಆದ್ದರಿಂದ ಚೀತಾ ಸಾಕುವವರು ಅದನ್ನು ಜನರ ನಡುವೆ ಮಂಚದ ಮೇಲೆ ಕಟ್ಟಿ ಕೂರಿಸಿ ಗದ್ದಲಕ್ಕೆ ಒಗ್ಗಿಸುತ್ತಿದ್ದರು. ಅದು ಜಿಂಕೆಯನ್ನು ಹಿಡಿದಾಗ ಜಗ್ಗಿ ಬಿಡಿಸದೆ, ಮರದ ಸೌಟಿನಲ್ಲಿ ರಕ್ತ ಹಿಡಿದು ಅದರ ಮೂತಿಗೆ ಒಡ್ಡುತ್ತಿದ್ದರು. ಅದು ತಾನಾಗಿಯೇ ಬೇಟೆಯನ್ನು ಬಿಟ್ಟು ಸೌಟಿಗೆ ಬಾಯಿ ಹಾಕುತ್ತಿತ್ತು. ಬಿಟ್ಟುಕೊಟ್ಟವನಿಗೆ ಕೂಡಲೇ ಪ್ರತಿಫಲ ಸಿಗಬೇಕು ಎಂಬ ಸೂತ್ರವನ್ನು ಅಕ್ಷರ ಬಾರದ ಆ ಸಾಕಣೆಗಾರರು ಬಲ್ಲವರಾಗಿದ್ದರು.

ಸ್ಯಾಂಡರ್ಸನ್ ಮತ್ತು ಹೈದರನ ಶಾಪ

ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ ಕಾಲುವೆಗಳ ಇಲಾಖೆಯಲ್ಲಿ ಜಿ.ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ ಇದ್ದ. 1873ರಲ್ಲಿ ಸರ್ಕಾರ ಅವನಿಗೆ ಆನೆ ಹಿಡಿಯುವ ಕೆಲಸ ವಹಿಸಿತು. ಅದಕ್ಕೆ ಸುಮಾರು ನೂರು ವರ್ಷ ಮೊದಲು ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಇದನ್ನೇ ಮಾಡಲು ಹೋಗಿ ಸೋತಿದ್ದ. ಇನ್ನು ಯಾರಿಗೂ ಇದು ಆಗದು, ಪ್ರಯತ್ನಿಸಿದವರಿಗೆ ಶಾಪ ತಟ್ಟಲಿ ಎಂದು ಹೈದರ್ ಬರೆಸಿದ ಕಲ್ಲು ಅಲ್ಲಿದೆ ಎಂದು ಸ್ಯಾಂಡರ್ಸನ್ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. 1878ರಲ್ಲಿ ಪ್ರಕಟವಾದ ಆ ಪುಸ್ತಕ, ಭಾರತದ ಕಾಡುಮೃಗಗಳ ನಡುವೆ ಅವನು ಕಳೆದ ಹದಿಮೂರು ವರ್ಷಗಳ ಕಥನ.

ಸ್ಯಾಂಡರ್ಸನ್ ಗೆದ್ದದ್ದು ಚಾಮರಾಜನಗರದ ಕಡೆ, ಬಿಳಿಗಿರಿಯ ತಪ್ಪಲಿನಲ್ಲಿ. 1874ರಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡು ಆವರಣದೊಳಗೆ ಬಂತು. ಹಾದಿ ತೋರಿಸಿದವರು ಸೋಲಿಗರು, ಕುರುಬರು. ಸುತ್ತುಗಟ್ಟಿ ಕಾವಲು ನಿಂತವರು ಸುತ್ತಲಿನ ಹಳ್ಳಿಗರು. ಆವರಣದೊಳಕ್ಕೆ ನುಗ್ಗಿ ಕಾಡಾನೆಯ ಕಾಲಿಗೆ ಹಗ್ಗ ಬಿಗಿದವರು ಸಾಕಾನೆಗಳ ಮೇಲಿದ್ದ ಮಾವುತರು. ಪುಸ್ತಕದ ಮುಖಪುಟದಲ್ಲಿ ಉಳಿದದ್ದು ಒಂದೇ ಹೆಸರು.

ಸ್ಯಾಂಡರ್ಸನ್ನನ ಒಂದು ಮಾತು ಗಮನಾರ್ಹ. ಆನೆಯ ಬುದ್ಧಿಶಕ್ತಿಯ ಬಗ್ಗೆ ಜನ ಅತಿಯಾಗಿ ಹೇಳುತ್ತಾರೆ, ಅದರ ನಿಜವಾದ ಗುಣಗಳು ವಿಧೇಯತೆ, ಸೌಮ್ಯತೆ, ತಾಳ್ಮೆ ಎಂಬುದು ಅವನ ತೀರ್ಮಾನ. ಇಂದಿನ ಸಂಶೋಧಕರು ಬುದ್ಧಿಯ ಕುರಿತ ಅವನ ಮಾತನ್ನು ಒಪ್ಪುವುದಿಲ್ಲ. ಸೌಮ್ಯತೆಯ ಮಾತು ಮಾತ್ರ ನಿಂತಿದೆ. ಸಾವಿರಾರು ಕಿಲೋ ತೂಗುವ ಜೀವ ಮನಸ್ಸು ಮಾಡಿದರೆ ಅಂಕುಶ ಏನು ಮಾಡೀತು?

ಪಳಗಿಸಿದ್ದು ಯಾವುದು?

ಸೆರೆಯಾದ ಆನೆಯನ್ನು ಎರಡು ಕುಮ್ಕಿಗಳ ನಡುವೆ ಹೊರಗೆ ತಂದು ಮರಗಳಿಗೆ ಕಟ್ಟುತ್ತಿದ್ದರು. ಕುಮ್ಕಿ ಎಂಬುದು ನೆರವು ಎಂಬ ಅರ್ಥದ ಪಾರ್ಸಿ 'ಕುಮಕ್'ನಿಂದ ಬಂದದ್ದು. ನಾವು ದಿನವೂ ಆಡುವ 'ಕುಮ್ಮಕ್ಕು' ಕೂಡ ಅದೇ ಪದ. ಹಗ್ಗ ಕಾಲಿನ ಚರ್ಮ ಸೀಳುತ್ತಿತ್ತು. ಗಾಯಕ್ಕೆ, ನಂಜಿಗೆ, ಕೊರಗಿಗೆ ಎಷ್ಟೋ ಆನೆಗಳು ಸತ್ತವು. ಇದನ್ನು ಮರೆಮಾಚಿ ಖೆಡ್ಡಾವನ್ನು ಹೊಗಳುವುದು ನ್ಯಾಯವಲ್ಲ.

ಆದರೆ ಕಟ್ಟಿದ ಮೇಲಿನ ಕೆಲಸ ಬೇರೆ ಬಗೆಯದು. ಒಂದೊಂದು ಆನೆಗೂ ನಿಗದಿಯಾದ ಆಳುಗಳು. ದಿನವೂ ಅದೇ ಮುಖ, ಅದೇ ದನಿ. ಉದ್ದನೆಯ ಬಿದಿರಿನಿಂದ ದೂರದಲ್ಲಿ ನಿಂತು ಮೈ ಉಜ್ಜುವುದು, ಉಜ್ಜುತ್ತಾ ಹಾಡುವುದು. ಕಬ್ಬು, ಬೆಲ್ಲ, ಹಸಿರು ಮೇವನ್ನು ಮೊದಲು ಎಸೆಯುವುದು, ಆಮೇಲೆ ಕೋಲಿನ ತುದಿಯಲ್ಲಿ ನೀಡುವುದು, ಕೊನೆಗೆ ಕೈಯಿಂದ ಕೊಡುವುದು. ಕುಮ್ಕಿಗಳ ನಡುವೆ ನೀರಿಗೆ ಕರೆದೊಯ್ಯುವುದು. ಮರಿಗಳು ಕೆಲವೇ ದಿನಗಳಲ್ಲಿ ಕೈತುತ್ತಿಗೆ ಒಗ್ಗುತ್ತಿದ್ದವು, ದೊಡ್ಡವಕ್ಕೆ ತಿಂಗಳುಗಳು ಬೇಕಾಗುತ್ತಿದ್ದವು. ಹಗ್ಗ ಆನೆಯನ್ನು ಒಂದೆಡೆ ನಿಲ್ಲಿಸಿತು, ಅಷ್ಟೆ. ಮನುಷ್ಯನ ಬಳಿಗೆ ತಂದದ್ದು ತುತ್ತು, ದನಿ ಮತ್ತು ಪಕ್ಕದಲ್ಲಿ ಶಾಂತವಾಗಿ ನಿಂತಿದ್ದ ಇನ್ನೊಂದು ಆನೆ.

ಈ ಕೆಲಸ ಮಾಡಿದವರಲ್ಲಿ ಜೇನುಕುರುಬರಿದ್ದರು, ಮುಸ್ಲಿಂ ಮಾವುತ ಮನೆತನಗಳಿದ್ದವು. ಆನೆಯ ಸುತ್ತಲಿನ ನುಡಿ ಇದನ್ನು ಹೇಳುತ್ತದೆ. ಅಂಬಾರಿ, ನಿಶಾನೆ ಆನೆ, ನೌಪತ್ ಆನೆ, ಜಮೇದಾರ, ಸಲಾಮ್. ಕನ್ನಡ ನಾಡಿನ ಕಾಡಾನೆ ಉರ್ದು ಬೆರೆತ ಮಾತಿಗೆ ಕೂರುತ್ತದೆ, ಏಳುತ್ತದೆ. ಚಾಮುಂಡಿಯ ಮೂರ್ತಿ ಹೊತ್ತ ಆನೆಯ ಮುಂದೆ ನಿಶಾನೆ ನಡೆಯುವ ದಸರೆಯಲ್ಲಿ ಈ ಮಾತುಗಳು ಯಾರಿಗೂ ಪರಕೀಯವೆನಿಸಿಲ್ಲ.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಬಯಲು ಕಬಿನಿ ಜಲಾಶಯದಲ್ಲಿ ಮುಳುಗಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು.

ವಿಜ್ಞಾನ ಹೇಳಿದ್ದು

ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಒಳ್ಳೆಯ ಫಲ ತಂದ ನಡೆಯನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂದು ತೋರಿಸಿದ. ಸ್ಕಿನ್ನರ್ 1930ರ ದಶಕದಲ್ಲಿ ಇದನ್ನು ಶಾಸ್ತ್ರವಾಗಿ ಬೆಳೆಸಿದ. 1960ರ ದಶಕದಲ್ಲಿ ಕ್ಯಾರೆನ್ ಪ್ರಯರ್ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಸೀಟಿ ಮತ್ತು ಮೀನಿನಿಂದ ಕಲಿಸಿದರು. ಈಜಿ ಹೋಗುವ ಡಾಲ್ಫಿನ್‌ಗೆ ಹೊಡೆಯುವುದಾದರೂ ಹೇಗೆ? ಸರಿಯಾದ ನಡೆ ಕಂಡ ಕ್ಷಣವೇ ಸೀಟಿ, ಹಿಂದೆಯೇ ತುತ್ತು. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಒಂದೊಂದು ಮೆಟ್ಟಿಲಿಗೂ ಪ್ರತಿಫಲ ಕೊಡುವುದು ಈ ವಿದ್ಯೆಯ ಜೀವ.

1990ರ ದಶಕದ ಆರಂಭದಲ್ಲಿ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳಿಗೆ ಇದನ್ನು ಅಳವಡಿಸಿದರು. ಪಾಲಕ ಬೇಲಿಯ ಈಚೆ, ಆನೆ ಆಚೆ. ನಡುವೆ ಒಂದು ಗುರಿಕೋಲು. ಕೋಲಿನ ತುದಿಗೆ ಆನೆ ಹಣೆಯನ್ನೋ ಪಾದವನ್ನೋ ತಾಗಿಸಿದರೆ ತುತ್ತು. ಇಷ್ಟವಿಲ್ಲದಿದ್ದರೆ ಅದು ತಿರುಗಿ ಹೋಗಬಹುದು, ಶಿಕ್ಷೆಯಿಲ್ಲ. ಹೀಗೆ ಉಗುರು ಕತ್ತರಿಸುವುದು, ರಕ್ತ ತೆಗೆಯುವುದು, ಗಾಯ ತೊಳೆಯುವುದು ಎಲ್ಲವೂ ಅಂಕುಶವಿಲ್ಲದೆ ಸಾಧ್ಯವಾಯಿತು.

ಗುಂಪಿನ ಸಮಸ್ಯೆ ಇನ್ನೂ ಜಟಿಲ. ಮೇವಿನ ಹೊತ್ತಿನಲ್ಲಿ ಬಲಿಷ್ಠ ಪ್ರಾಣಿ ದುರ್ಬಲವನ್ನು ಅಟ್ಟುತ್ತದೆ. ಬಲಿಷ್ಠನಿಗೆ ಹೊಡೆದರೆ ಅವನ ಸಿಟ್ಟು ದುರ್ಬಲನ ಮೇಲೆ ತಿರುಗುತ್ತದೆ. 1994ರಲ್ಲಿ ಅಮೆರಿಕದ ಸಂಶೋಧಕರು ಚಿಂಪಾಂಜಿಗಳ ಗುಂಪಿನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಊಟದ ಹೊತ್ತಿನಲ್ಲಿ ದಾಳಿ ಮಾಡುತ್ತಿದ್ದ ಗಂಡಿಗೆ, ಉಳಿದವು ತಿನ್ನುವಾಗ ತನ್ನ ಜಾಗದಲ್ಲಿ ಕೂತಿದ್ದರೆ ಒಳ್ಳೆಯ ತುತ್ತು ಸಿಗುತ್ತದೆ ಎಂದು ಕಲಿಸಿದರು. ಊಟದ ಹೊತ್ತಿನ ದಾಳಿ ಕಡಿಮೆಯಾಯಿತು. ಇತರರು ತಿನ್ನುವುದು ಅವನ ಪಾಲಿಗೆ ನಷ್ಟವಾಗದೆ ಲಾಭವಾಯಿತು. ಕೂತಿರುವವನು ಅದೇ ಹೊತ್ತಿಗೆ ಕಚ್ಚಲಾರ ಎಂಬ ಸರಳ ಸತ್ಯವೂ ಇದರಲ್ಲಿದೆ.

ನಮ್ಮ ಅಂಗಳದಲ್ಲಿ

2024ರ ಸೆಪ್ಟೆಂಬರ್‌ನಲ್ಲಿ ದಸರೆಗೆ ಬಂದಿದ್ದ ಧನಂಜಯ ಮತ್ತು ಕಂಜನ್ ಎಂಬ ಆನೆಗಳು ಮೈಸೂರು ಅರಮನೆಯ ಆವರಣದಲ್ಲಿ ರಾತ್ರಿ ಕಾದಾಡಿ, ಒಂದನ್ನೊಂದು ಅಟ್ಟಿಕೊಂಡು ಬೀದಿಗೆ ಓಡಿದವು. ಧನಂಜಯನ ಮೇಲಿದ್ದ ಮಾವುತನೇ ಕೊನೆಗೆ ಅವನನ್ನು ತಹಬಂದಿಗೆ ತಂದ. ಅದೃಷ್ಟಕ್ಕೆ ಯಾರ ಜೀವವೂ ಹೋಗಲಿಲ್ಲ. ಬೇರೆ ಬೇರೆ ಶಿಬಿರಗಳ ಗಂಡಾನೆಗಳನ್ನು ಒಂದೇ ಅಂಗಳದಲ್ಲಿ ತಿಂಗಳುಗಟ್ಟಲೆ ಇರಿಸುವ ನಮಗೆ ಚಿಂಪಾಂಜಿಗಳ ಆ ಪಾಠ ದೂರದ್ದಲ್ಲ.

ದಸರೆಯ ತಾಲೀಮಿನಲ್ಲಿಯೇ ಈ ವಿದ್ಯೆಯ ಬೇರುಗಳಿವೆ. ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಮೊದಲ ದಿನವೇ ಯಾರೂ ಹೊರಿಸುವುದಿಲ್ಲ. ಮರಳಿನ ಮೂಟೆಗಳಿಂದ ಭಾರವನ್ನು ಹಂತಹಂತವಾಗಿ ಏರಿಸುತ್ತಾರೆ. ಕುಶಾಲತೋಪಿನ ಸದ್ದಿಗೆ ಬೆದರದಂತೆ ಮೊದಲೇ ಫಿರಂಗಿ ಹಾರಿಸಿ ಒಗ್ಗಿಸುತ್ತಾರೆ. ಅನುಭವಿ ಆನೆಗಳ ಜೊತೆಯಲ್ಲೇ ಹೊಸಬರೂ ಕಲಿಯುತ್ತಾರೆ. ಭತ್ತ, ಬೆಲ್ಲ, ತೆಂಗಿನಕಾಯಿಯನ್ನು ಹುಲ್ಲಿನಲ್ಲಿ ಸುತ್ತಿದ ಕುಸುರೆ ಕೈಯಿಂದಲೇ ಬಾಯಿಗೆ ಹೋಗುತ್ತದೆ. ಪಠ್ಯದಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ, ಮಾವುತರಿಗೆ ಇದು ದಿನಚರಿ.

ಆದರೆ ಪೆಟ್ಟಿನ ಪಾಲೂ ಇದೆ. ಹೊಸದಾಗಿ ಹಿಡಿದ ಪುಂಡಾನೆಯನ್ನು ದಪ್ಪ ದಿಮ್ಮಿಗಳ ಕ್ರಾಲ್‌ನಲ್ಲಿ ಕೂಡಿಹಾಕುವ ರೂಢಿ ಇಂದಿಗೂ ನಡೆದಿದೆ. 1968ರ ಖೆಡ್ಡಾದಲ್ಲಿ ಸಿಕ್ಕ ಅರ್ಜುನನ ಕತೆ ನಮಗೆ ಗೊತ್ತಿದೆ. ಮಾವುತನೊಬ್ಬನ ಸಾವಿಗೆ ಕಾರಣನಾದನೆಂದು ವರ್ಷಗಟ್ಟಲೆ ಅಂಬಾರಿಯಿಂದ ದೂರ ಉಳಿದ. ಮತ್ತೆ ವಿಶ್ವಾಸ ಗಳಿಸಿ 2012ರಿಂದ 2019ರವರೆಗೆ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಸೆರೆಗೆ ಹೋದಾಗ ಕಾಡಾನೆಯೊಂದರ ದಾಳಿಗೆ ಸಿಕ್ಕಿ ಸತ್ತ. ಕೋಪಿಷ್ಠನೆಂದು ಹೆಸರಾದ ಆನೆಯೂ ತಾಳ್ಮೆಯ ಕೈಯಲ್ಲಿ ಬದಲಾಗುತ್ತದೆ ಎಂಬುದಕ್ಕೆ ಅವನ ಬದುಕೇ ಸಾಕ್ಷಿ.

ನಮ್ಮ ಸಮುದಾಯದ ಖಲಂದರರ ಉದಾಹರಣೆಯನ್ನೂ ಇಲ್ಲಿ ಮುಚ್ಚಿಡಬೇಕಿಲ್ಲ. ಕರಡಿಯ ಮೂತಿ ಚುಚ್ಚಿ ಹಗ್ಗ ಪೋಣಿಸಿ ಕುಣಿಸುವುದು ನೋವಿನಿಂದ ಕಲಿಸಿದ ವಿದ್ಯೆ. ಕುಣಿಯುವ ಕೊನೆಯ ಕರಡಿ 2009ರಲ್ಲಿ ಬನ್ನೇರುಘಟ್ಟದ ಆಶ್ರಯಧಾಮ ಸೇರಿತು. ಕಾನೂನಿನ ಬಲದಿಂದಲೇ ಇದು ಆಗಲಿಲ್ಲ. ಕರಡಿ ಒಪ್ಪಿಸಿದ ಕುಟುಂಬಗಳಿಗೆ ಬೇರೆ ದುಡಿಮೆಯ ದಾರಿ ತೋರಿಸಿದ್ದರಿಂದ ಆಯಿತು. ಪ್ರತಿಫಲದ ನಿಯಮ ಮನುಷ್ಯನಿಗೂ ಅನ್ವಯಿಸುತ್ತದೆ.

ಬಿಳಿಗಿರಿಯ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ಬೆಟ್ಟದ ಕ್ಯಾತೆದೇವರಗುಡಿಯಲ್ಲಿ ಅರಣ್ಯ ಇಲಾಖೆ ಆನೆಗಳನ್ನು ಸಾಕುತ್ತಾ ಬಂದಿದೆ. ಅಂಕುಶ ಕೆಳಗಿಡಬೇಕು ಎಂದು ಮಾವುತನಿಗೆ ಉಪದೇಶ ಮಾಡುವುದು ಸುಲಭ. ಆದರೆ ಪ್ರತಿಫಲದ ವಿದ್ಯೆ ಸಮಯ ಬೇಡುತ್ತದೆ, ಒಂದೇ ಆನೆಯ ಜೊತೆ ವರ್ಷಗಟ್ಟಲೆ ಇರುವ ಭದ್ರತೆ ಬೇಡುತ್ತದೆ. ವರ್ಗಾವಣೆಯ ಭಯ, ಅರೆಹೊಟ್ಟೆಯ ಸಂಬಳ, ಸುರಕ್ಷಿತವಲ್ಲದ ಕೆಲಸ ಇವುಗಳ ನಡುವೆ ಬದುಕುವವನ ಕೈಯಿಂದ ಅಂಕುಶ ಬಿಡಿಸಲಾಗದು. ಆನೆಗೆ ಬೆಲ್ಲ ಕೊಡಿ ಎನ್ನುವ ಮೊದಲು ಮಾವುತನ ಮನೆಯ ಬೆಲ್ಲದ ಡಬ್ಬಿಯನ್ನು ನೋಡಬೇಕು. ಮಾವುತರಿಗೆ ಕಾಯಂ ನೌಕರಿ, ಹೊಸ ವಿಧಾನದ ತರಬೇತಿ, ಆ ತರಬೇತಿಯನ್ನು ರೂಪಿಸುವಲ್ಲಿ ಹಿರಿಯ ಜೇನುಕುರುಬ ಮತ್ತು ಮುಸ್ಲಿಂ ಮಾವುತರಿಗೆ ಪಾಲು: ಈ ಮೂರನ್ನು ಸರ್ಕಾರದ ಮುಂದೆ ಇಡುವುದು ಆನೆಯನ್ನು ಪ್ರೀತಿಸುವ ಎಲ್ಲರ ಹೊಣೆ. ಸ್ಯಾಂಡರ್ಸನ್ನನ ಪುಸ್ತಕದಲ್ಲಿ ಹೆಸರಿಲ್ಲದೆ ಉಳಿದವರ ಮೊಮ್ಮಕ್ಕಳ ಪಾಲಿಗಾದರೂ ಈ ಲೆಕ್ಕ ಸರಿಯಾಗಬೇಕು.