ವಿಹಾರ ವಾಹನಗಳೂ ಅವುಗಳ ದುರಸ್ತಿಗಾರರೂ: ಗುಜರಾತದ ಮೂರು ನಗರಗಳು

ಅರಸರ ರಥ, ಮೇನೆ, ಸಾರೋಟುಗಳ ವರ್ಣನೆಗೆ ನಮ್ಮ ಕಾವ್ಯಗಳಲ್ಲಿಯಾಗಲಿ ಪ್ರವಾಸಿಗಳ ಬರಹಗಳಲ್ಲಿಯಾಗಲಿ ಕೊರತೆಯಿಲ್ಲ. ಯಾರು ಏರಿದರು, ಎಷ್ಟು ಕುದುರೆಗಳನ್ನು ಹೂಡಿದ್ದರು, ಯಾವ ಜರತಾರಿಯನ್ನು ಹೊದಿಸಿದ್ದರು ಎಂಬುದೆಲ್ಲ ಅಲ್ಲಿ ಸವಿಸ್ತರವಾಗಿ ದೊರೆಯುತ್ತದೆ. ಆ ವಾಹನದ ಇರುಸು ಮುರಿದಾಗ ಸರಿಪಡಿಸಿದವನಾರು, ಬೇಸಗೆಯಲ್ಲಿ ಸಡಿಲಗೊಂಡ ಗಾಲಿಯನ್ನು ಬಿಗಿದವನಾರು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗುವುದು ಅಪರೂಪ. ಸರಕಿನ ಬಂಡಿ ನಿಂತರೆ ವ್ಯಾಪಾರ ನಿಲ್ಲುತ್ತದೆ. ಆದುದರಿಂದ ಅದರ ರಿಪೇರಿಯ ಖರ್ಚು ಯಾರದಾದರೂ ಖಾತೆಯಲ್ಲಿ ಬಿದ್ದೇ ಇರುತ್ತದೆ. ವಿಹಾರಕ್ಕೆಂದೇ ಇಟ್ಟ ವಾಹನ ನಿಂತರೆ ಒಡೆಯನ ವಿನೋದವಷ್ಟೇ ನಿಲ್ಲುತ್ತದೆ. ಆದರೂ ಸೂರತ್, ವಡೋದರ, ಅಹಮದಾಬಾದು ಈ ಮೂರು ನಗರಗಳಿಗೆ ಸಂಬಂಧಿಸಿದ ಕೆಲವು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಪರದೇಶದ ವಾಹನ ಇಲ್ಲಿಯದಾದದ್ದು ದುರಸ್ತಿಗಾರನ ಕೈಯಲ್ಲಿ.

ಸೂರತ್ತಿನಿಂದ ಮೊದಲುಮಾಡುವುದು ಉಚಿತ. ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ 1615ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಂದಿಳಿದಾಗ ಗುಜರಾತಿನಲ್ಲಿ ವಿಹಾರದ ಬಂಡಿಗಳಿಗೆ ಬಡತನವೇನೂ ಇರಲಿಲ್ಲ. ಗುಜರಾತಿನ ಎತ್ತುಗಳು ಎಲ್ಲಕ್ಕಿಂತ ಮೇಲೆಂದೂ, ಒಂದು ಹಗಲು ರಾತ್ರಿಯಲ್ಲಿ 80 ಕೋಸು ನಡೆಯಬಲ್ಲವೆಂದೂ ಅಬುಲ್ ಫಜಲನು ‘ಆಯಿನ್-ಎ-ಅಕ್ಬರಿ’ಯಲ್ಲಿ ಬರೆದಿದ್ದಾನೆ. ರೋನ ಪಾದ್ರಿಯಾಗಿದ್ದ ಎಡ್ವರ್ಡ್ ಟೆರ್‍ರಿ ಈ ಹಗುರವಾದ ಎರಡು ಗಾಲಿಯ ಬಂಡಿಗಳನ್ನು ವರ್ಣಿಸಿದ್ದಾನೆ: ಮೇಲೆ ಹೊದಿಕೆ, ಹಿಂಭಾಗ ಮುಚ್ಚಿದ್ದು; ಸ್ತ್ರೀಯರು ಕುಳಿತಿದ್ದರೆ ಮಾತ್ರ ಬದಿಗಳಿಗೂ ಮರೆ. ಹೀಗಿರುವಲ್ಲಿ ರೋ ಜಹಾಂಗೀರನಿಗೆ ಕಾಣಿಕೆಯಾಗಿ ತಂದದ್ದು ನಾಲ್ಕು ಗಾಲಿಯ ಇಂಗ್ಲಿಷ್ ಸಾರೋಟು, ಅದರೊಡನೆ ವಿಲಿಯಂ ಹೆಮ್ಸೆಲ್ ಎಂಬ ಸಾರಥಿ. 1616ರ ಜನವರಿಯಲ್ಲಿ ಅಜಮೀರದ ದರ್ಬಾರಿನಲ್ಲಿ ಅದು ಪಾದಶಹನಿಗೆ ಒಪ್ಪಿತವಾಯಿತು.

ಮುಂದಿನ ಕಥೆಯೇ ಇಲ್ಲಿ ಮುಖ್ಯ. ಪಾದಶಹನ ಕಾರಖಾನೆಯ ಕುಶಲಕರ್ಮಿಗಳು ಸಾರೋಟನ್ನು ಬಿಚ್ಚಿದರು. ಒಳಗಿನ ಚೀನೀ ಮಕಮಲ್ಲು ಪಾದಶಹನ ಕಣ್ಣಿಗೆ ಹಿಡಿಸಿರಲಿಲ್ಲ. ಅದನ್ನು ಕಿತ್ತು ಹೂವಿನ ಕಸೂತಿಯ ಬೆಳ್ಳಿಜರಿಯ ಬಟ್ಟೆಯನ್ನು ಹೊದಿಸಿದರು. ಹಿತ್ತಾಳೆಯ ಮೊಳೆಗಳಿದ್ದಲ್ಲಿ ಬೆಳ್ಳಿಯ ಮೊಳೆಗಳು ಬಂದುವು. ಬಿಚ್ಚಿದ ಅಂಗಗಳನ್ನೇ ಮಾದರಿಯಾಗಿಟ್ಟುಕೊಂಡು ಅಂಥದೇ ಮತ್ತೊಂದನ್ನು ಕಟ್ಟಿದರು. ಅದೇ ವರ್ಷದ ನವೆಂಬರಿನಲ್ಲಿ ಪಾದಶಹನು ಅಜಮೀರದಿಂದ ಹೊರಟಾಗ ತಾನು ಏರಿದ್ದು ಈ ಹೊಸ ಪ್ರತಿಯನ್ನು. ನವೀಕರಿಸಿದ ಮೂಲ ಸಾರೋಟು ನೂರ್‌ಜಹಾನಳ ಪಾಲಿಗೆ ಹೋಯಿತು. ನಾಲ್ಕು ಕುದುರೆ ಹೂಡಿದ ಫಿರಂಗಿ ರಥದಲ್ಲಿ ಹೊರಟುದನ್ನೂ, ಅಮೀರರಿಗೂ ಅಂಥ ರಥಗಳನ್ನು ಮಾಡಿಸಿಕೊಳ್ಳಲು ಅಪ್ಪಣೆ ಕೊಟ್ಟುದನ್ನೂ ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ರೋನ ದಿನಚರಿಯನ್ನು ಓದುವವರು ಸಾಮಾನ್ಯವಾಗಿ ಈ ಪ್ರಸಂಗವನ್ನು ರಾಯಭಾರಿಯ ಮುಖಭಂಗವೆಂದು ಕಂಡು ನಕ್ಕು ಮುಂದೆ ಹೋಗುತ್ತಾರೆ. ಅದರಲ್ಲಿ ನಗುವುದಕ್ಕಿಂತ ಹೆಚ್ಚಿನದುಂಟು. ಎಂದೂ ಕಾಣದ ಯಂತ್ರವನ್ನು ಬಿಚ್ಚಿ, ಕೆಡಿಸದೆ ಜೋಡಿಸಿ, ಹತ್ತು ತಿಂಗಳೊಳಗಾಗಿ ಎರಡನೆಯದನ್ನು ರಸ್ತೆಗಿಳಿಸಿದ ಕೈಗಳು ಸಾಮಾನ್ಯವಾದುವಲ್ಲ. ಸಾರಥಿಯ ಹೆಸರು ಉಳಿಯಿತು. ಆ ಬಡಗಿ ಕಮ್ಮಾರರಲ್ಲಿ ಒಬ್ಬನ ಹೆಸರನ್ನೂ ರೋ ಬರೆಯಲಿಲ್ಲ, ಜಹಾಂಗೀರನೂ ಬರೆಯಲಿಲ್ಲ.

ಅವರಿಗೆ ಹೆಸರು ಬರಲು ಇನ್ನೂರೆಪ್ಪತ್ತು ವರ್ಷಗಳಿಗಿಂತ ಹೆಚ್ಚು ಬೇಕಾಯಿತು. ಅದು ಬಂದದ್ದು ವಡೋದರದಲ್ಲಿ, ಸೂರತ್ತಿನ ಒಬ್ಬ ಸುತಾರನ ಮನೆಯ ಮಗನಿಂದ. ತ್ರಿಭುವನದಾಸ ಕಲ್ಯಾಣದಾಸ ಗಜ್ಜರರು 1863ರಲ್ಲಿ ಸೂರತ್ತಿನಲ್ಲಿ ಹುಟ್ಟಿದರು. ‘ಗಜ್ಜರ’ ಎಂಬ ಅಡ್ಡಹೆಸರು ಅಳತೆಯ ಗಜವನ್ನು ಹಿಡಿದವನು ಎಂಬರ್ಥದ ‘ಗಜಧರ’ದಿಂದ ಬಂದುದೆಂದು ಹೇಳುವರು. ಗಜ್ಜರರು ಕಲಿತದ್ದು ರಸಾಯನಶಾಸ್ತ್ರ. ಮುಂಬಯಿಯಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಗೆ 1896ರಲ್ಲಿ ಬಳಿದ ಡಾಂಬರಿನ ಕಲೆಯನ್ನು ತೆಗೆದವರೆಂದು ಅವರು ಪ್ರಖ್ಯಾತರಾದರು. ಅದೂ ಒಂದು ಬಗೆಯ ದುರಸ್ತಿಯೇ. ಆದರೆ ಅವರ ದೊಡ್ಡ ಕೆಲಸ, ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1890ರಲ್ಲಿ ತೆರೆದ ಕಲಾಭವನ. ಬಡಗಿ ಕೆಲಸ, ಯಂತ್ರಶಾಸ್ತ್ರ, ಬಣ್ಣಗಾರಿಕೆಗಳನ್ನು ಅಲ್ಲಿ ಶಾಸ್ತ್ರೀಯವಾಗಿ ಕಲಿಸತೊಡಗಿದರು. ಬೋಧನೆ ದೇಶಭಾಷೆಯಲ್ಲಿ, ಅದಕ್ಕೆ ಬೇಕಾದ ಪರಿಭಾಷೆಯನ್ನೂ ಪುಸ್ತಕಗಳನ್ನೂ ಸಿದ್ಧಪಡಿಸುವ ಹೊಣೆಯನ್ನು ಗಜ್ಜರರು ತಾವೇ ಹೊತ್ತರು. ಇಂಗ್ಲಿಷ್ ಬಾರದ ಸುತಾರನ ಮಗನು ತನ್ನ ಮಾತಿನಲ್ಲಿಯೇ ಯಂತ್ರವನ್ನು ತಿಳಿಯಬೇಕೆಂಬುದು ಅವರ ಆಗ್ರಹ.

ಕನ್ನಡಿಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಗಾಲಿಯ ವಿಷಯದಲ್ಲಿ ನಮ್ಮ ಭಾಷೆ ದರಿದ್ರವಾದುದಲ್ಲ. ಇರುಸು, ಗುಂಬ, ಆರೆಕಾಲು, ಹಳಿ, ಕಡಾಣಿ, ಮೂಕಿ, ನೊಗ, ಕೀಲೆಣ್ಣೆ — ಒಂದು ಬಂಡಿಯನ್ನು ಅಡಿಯಿಂದ ಮುಡಿಯವರೆಗೆ ಬಿಚ್ಚಿ ಜೋಡಿಸಲು ಸಾಕಾಗುವಷ್ಟು ಮಾತುಗಳಿವೆ. ಹಳಿಯನ್ನು ಗಾಲಿಗಿಂತ ಕೂದಲೆಳೆಯಷ್ಟು ಕಿರಿದಾಗಿ ಬಗ್ಗಿಸಿ, ಬೆರಣಿಯ ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿ, ಥಟ್ಟನೆ ನೀರೆರೆದು ಕುಗ್ಗಿಸುವ ಬಡಗಿ ಕಮ್ಮಾರರ ಕೆಲಸದಲ್ಲಿ ಲೋಹಶಾಸ್ತ್ರದ ಒಂದು ಪಾಠವೇ ಅಡಗಿದೆ. ಆದರೂ ಮೋಟಾರು ಬಂದಾಗ ಈ ಮಾತುಗಳಲ್ಲಿ ಹೆಚ್ಚಿನವು ಹಳ್ಳಿಯ ಬಂಡಿಯ ಬಳಿಯೇ ಉಳಿದುವು, ಗ್ಯಾರೇಜಿನೊಳಕ್ಕೆ ಹೋಗಲಿಲ್ಲ. ಗಜ್ಜರರಂಥವರೊಬ್ಬರು ನಮ್ಮಲ್ಲಿ ಆ ಕಾಲಕ್ಕೆ ಹುಟ್ಟಿದ್ದರೆ ‘ಆಕ್ಸಲ್’ ಮುರಿಯಿತೆಂದು ಹೇಳುವ ಬದಲು ಇರುಸು ಮುರಿಯಿತೆಂದೇ ನಾವು ಹೇಳುತ್ತಿದ್ದೆವೋ ಏನೋ.

ರೈಲಿನ ಕಾಲದ ವಿಹಾರ ವಾಹನವೆಂದರೆ ಅರಸರ ಸಲೂನು ಡಬ್ಬಿ: ಮಲಗುವ ಕೋಣೆ, ಊಟದ ಮೇಜು, ಸ್ನಾನದ ಮನೆಗಳಿದ್ದು ಹಳಿಗಳ ಮೇಲೆ ಹರಿಯುವ ಪುಟ್ಟ ಅರಮನೆ. ಇಂದು ಪಡುವಣ ದೇಶಗಳ ಕುಟುಂಬಗಳು ರಜೆಗೆ ಕೊಂಡೊಯ್ಯುವ ಮನೆಬಂಡಿಗೆ ನಮ್ಮಲ್ಲಿ ಇದಕ್ಕಿಂತ ಹತ್ತಿರದ ಪೂರ್ವಜ ಇಲ್ಲ. 1886ರಲ್ಲಿ ಮುಂಬಯಿಯ ಪರೇಲ್ ಕಾರ್ಖಾನೆಯಲ್ಲಿ ಸಿದ್ಧವಾದ ಬಡೋದೆಯ ಮಹಾರಾಜರ ಸಲೂನೂ, 1899ರ ಮೈಸೂರು ಮಹಾರಾಜರ ಸಲೂನೂ ಈಗ ದಿಲ್ಲಿಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಒಂದೇ ಆವರಣದಲ್ಲಿವೆ. ಮಹಾರಾಣಿಯ ಸಲೂನು ಮೈಸೂರಿನ ರೈಲು ಸಂಗ್ರಹಾಲಯದಲ್ಲಿದೆ. ಇಂಥ ಡಬ್ಬಿಗಳ ಆರೈಕೆ ದ್ವಿವಿಧ. ಕೆಳಗಿನ ಗಾಲಿ, ಬ್ರೇಕುಗಳದು ಫಿಟ್ಟರನ ಕೆಲಸ. ಮೇಲಿನ ತೇಗ, ಮೆರುಗು, ಮೆತ್ತೆಗಳದು ಅರಮನೆಯ ಬಡಗಿಯ ಕೆಲಸ. ಇಬ್ಬರೂ ಒಂದೇ ಸೂರಿನಡಿ ಇರಬೇಕಾದರೆ ಸಂಸ್ಥಾನಕ್ಕೆ ಸ್ವಂತ ಕಾರ್ಖಾನೆಯೇ ಬೇಕು. ಗಾಯಕವಾಡರ ರೈಲ್ವೆಗೆ 1919ರಲ್ಲಿ ಗೋಯಾಗೇಟಿನಲ್ಲಿ, ಇಂದಿನ ಪ್ರತಾಪನಗರದಲ್ಲಿ, ಅದು ಒದಗಿತು. ಮೈಸೂರಿಗೆ 1924ರಲ್ಲಿ ಅಶೋಕಪುರಂನಲ್ಲಿ. ಬಡೋದೆಯ ಮಕ್ಕಳಿಗೂ ಒಂದು ರೈಲಿತ್ತು. ಲಕ್ಷ್ಮೀವಿಲಾಸ ಅರಮನೆಯ ಮಾವಿನ ತೋಪಿನಲ್ಲಿ ರಾಜಕುಮಾರರನ್ನು ಶಾಲೆಗೆ ಒಯ್ಯುತ್ತಿದ್ದ ಆ ಪುಟ್ಟ ಗಾಡಿ 1956ರಲ್ಲಿ ಸಯಾಜಿಬಾಗಿಗೆ ಹೋಗಿ ಊರ ಮಕ್ಕಳದಾಯಿತು. ಅರಸರ ಮಕ್ಕಳು ಬೆಳೆದು ಗಾಡಿಯನ್ನು ಮರೆಯುತ್ತಾರೆ. ಊರ ಮಕ್ಕಳು ಪ್ರತಿ ವರ್ಷವೂ ಹೊಸದಾಗಿ ಬರುತ್ತಾರೆ. ಸವೆತ ಹೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ. 1993ರಲ್ಲಿ ಅದರ ಎಂಜಿನ್ನು ಜೀರ್ಣೋದ್ಧಾರಗೊಂಡು ಅರಮನೆಯ ಆವರಣದ ಫತೇಸಿಂಗ್ ಮ್ಯೂಸಿಯಮಿನ ಮುಂದೆ ನಿಂತಿತು.

ಇನ್ನು ಅಹಮದಾಬಾದು. 1618ರ ಜನವರಿಯಲ್ಲಿ ಇಲ್ಲಿಗೆ ಬಂದ ಜಹಾಂಗೀರನು ಊರಿಗೆ ಗರ್ದಾಬಾದ್, ಧೂಳಿನ ಊರು, ಎಂಬ ಹೆಸರು ಬೇಕೆಂದು ಬೇಸರದಿಂದ ಬರೆದ. ಇರುಸಿಗೆ ಧೂಳಿಗಿಂತ ದೊಡ್ಡ ಶತ್ರು ಇಲ್ಲ. ಆದರೂ ಹಳೆಯ ಮೋಟಾರುಗಳಿಗೆ ಆಶ್ರಯ ಕೊಟ್ಟ ಊರು ಇದೇ. ಕಠವಾಡದ ದಾಸ್ತಾನ್ ತೋಟದಲ್ಲಿ ಪ್ರಾಣಲಾಲ ಭೋಗೀಲಾಲರು ನೂರಕ್ಕೂ ಮಿಕ್ಕಿ ಕಾರುಗಳನ್ನು ಕೂಡಿಹಾಕಿದರು: ರೋಲ್ಸ್ ರಾಯ್ಸ್, ಬೆಂಟ್ಲಿ, ಡೇಮ್ಲರ್, ಲಗೊಂಡ. 1971ರಲ್ಲಿ ರಾಜಧನ ರದ್ದಾದ ಮೇಲೆ ಅರಮನೆಗಳಿಗೆ ಇಂಥ ವಾಹನಗಳು ಹೊರೆಯಾಗಿದ್ದುವು. ಸಂಗ್ರಾಹಕರು 2011ರಲ್ಲಿ ತೀರಿಕೊಂಡರು.

ಹಳೆಯ ಕಾರಿಗೆ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಎರಕ ಹೊಯ್ಯಬೇಕು, ಲೇತಿನಲ್ಲಿ ಕಡೆಯಬೇಕು. ಎಂಜಿನ್ನಿನ ಬೇರಿಂಗು ಸವೆದರೆ ತವರ, ಅಂಟಿಮನಿ, ತಾಮ್ರಗಳ ಬಿಳಿಲೋಹವನ್ನು ಕರಗಿಸಿ ಹೊಯ್ದು, ನೀಲಿ ಬಳಿದು ಎಲ್ಲಿ ತಾಗುವುದೆಂದು ನೋಡಿ, ಕೈಯಿಂದ ಹೆರೆಯಬೇಕು. ಮೈಕಟ್ಟಿನ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆ. ಅದಕ್ಕೆ ಮತ್ತೆ ಬಡಗಿಯೇ ಬೇಕು. 1861ರಿಂದ ಬಟ್ಟೆಗಿರಣಿಗಳನ್ನು ನಡೆಯಿಸಿಕೊಂಡು ಬಂದ ಊರಿನಲ್ಲಿ ಎರಕದವರಿಗೂ ಲೇತಿನವರಿಗೂ ಬರವಿರಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಆ ಕೈಗಳು ವಿರಳವಾಗುತ್ತ ಬಂದಿವೆ.

ಕೇಂದ್ರ ಸರ್ಕಾರವು 2021ರ ಜುಲೈಯಲ್ಲಿ ಇಂಥ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು; ಮೂಲ ರೂಪದಲ್ಲಿಯೇ ಉಳಿದಿರಬೇಕು; ಚಾಸಿ, ಮೈಕಟ್ಟು, ಎಂಜಿನ್ನುಗಳು ಗಣನೀಯವಾಗಿ ಮಾರ್ಪಟ್ಟಿರಬಾರದು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಹೆರೆದು ಕೂಡಿಸಿದ ಬೇರಿಂಗು ಮೂಲವೋ ಅಲ್ಲವೋ? ಹುಳು ತಿಂದ ಮರದ ಬದಲಿಗೆ ಗುಜರಾತದ ಸುತಾರನು ಕೂಡಿಸಿದ ತೇಗ? ಎಷ್ಟರವರೆಗೆ ದುರಸ್ತಿ, ಎಲ್ಲಿಂದ ಮಾರ್ಪಾಡು ಎಂಬ ಗೆರೆಯನ್ನು ಎಳೆಯಬಲ್ಲವನು ಆ ಕೆಲಸ ಮಾಡಿದವನೇ. ಅವನ ಟಿಪ್ಪಣಿ ಇಲ್ಲದಿದ್ದರೆ ಪರೀಕ್ಷಕನ ನಿರ್ಣಯ ಊಹೆಯೇ ಸರಿ. ಇಂಥ ಕಟ್ಟಳೆ ಆಗ ಇದ್ದಿದ್ದರೆ ಬೆಳ್ಳಿಯ ಮೊಳೆ ಹೊಡೆಸಿಕೊಂಡ ನೂರ್‌ಜಹಾನಳ ಸಾರೋಟಿನ ಬಗೆಗೂ ತಕರಾರು ಏಳುತ್ತಿತ್ತು.

2023ರ ಜನವರಿಯಲ್ಲಿ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ಹಳೆಯ ಮೋಟಾರುಗಳ ದೊಡ್ಡ ಸ್ಪರ್ಧೆಯೊಂದು ನಡೆಯಿತು. ಇಂಥ ಸ್ಪರ್ಧೆಗಳಲ್ಲಿ ವಾಹನದ ಮುಂದಿನ ಫಲಕದ ಮೇಲೆ ತಯಾರಕನ ಹೆಸರು, ವರ್ಷ, ಮಾಲೀಕನ ಹೆಸರು ಬರೆದಿರುವುದು ವಾಡಿಕೆ. ಬೇರಿಂಗು ಹೆರೆದವನಿಗೂ ಅಲ್ಲಿ ಒಂದು ಸಾಲು ಹಿಡಿಸೀತು.